ಟೈರಿನಿಂದ ಮೇಲಕ್ಕೆ: ಸಸ್ಪೆನ್ಷನ್ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಒಂದು ಬಹಿರಂಗ ಪತ್ರ

ಫಾರ್ಮುಲಾ ಸ್ಟೂಡೆಂಟ್ ತಂಡಗಳ ಸಸ್ಪೆನ್ಷನ್ ವಿಭಾಗಕ್ಕೆ ಈ ವರ್ಷ ಸೇರಿರುವ ಎಲ್ಲ ವಿದ್ಯಾರ್ಥಿ ಮಿತ್ರರಿಗೆ,

ರೇಸ್ ಕಾರು ನೆಲ ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಅಂಗೈಯಗಲ ರಬ್ಬರಿನಲ್ಲಿ. ಎಂಜಿನ್ನು ಎಷ್ಟೇ ಬಲ ಕೊಡಲಿ, ಬ್ರೇಕು ಎಷ್ಟೇ ಬಿಗಿಯಾಗಿ ಹಿಡಿಯಲಿ, ಕಾರು ಓಡುವುದು, ನಿಲ್ಲುವುದು, ತಿರುಗುವುದು ಆ ನಾಲ್ಕು ತುಂಡು ರಬ್ಬರು ನೆಲವನ್ನು ಹಿಡಿದಷ್ಟೇ. ಆ ರಬ್ಬರು ಸರಿಯಾದ ಭಂಗಿಯಲ್ಲಿ, ಸರಿಯಾದ ಭಾರದಲ್ಲಿ ನೆಲಕ್ಕೆ ಒತ್ತಿಕೊಂಡಿರುವಂತೆ ನೋಡಿಕೊಳ್ಳುವುದು ಸಸ್ಪೆನ್ಷನ್ನಿನ ಕೆಲಸ. ರಸ್ತೆಯ ಕಾರಿನಲ್ಲಿ ಕೂತವರ ಸುಖಕ್ಕೆ ಮೊದಲ ಜಾಗ. ರೇಸ್ ಕಾರಿನಲ್ಲಿ ಆ ಜಾಗ ಟೈರಿನ ಸುಖಕ್ಕೆ. ಹೊಸಬರು ಸಾಮಾನ್ಯವಾಗಿ ಮೊದಲು ಕಂಪ್ಯೂಟರಿನ ಮುಂದೆ ಕೂತು, ಗಾಲಿಯನ್ನು ಚಾಸಿಗೆ ಜೋಡಿಸುವ ತೋಳುಗಳಾದ ವಿಶ್‌ಬೋನ್‌ಗಳ ಚಿತ್ರ ಬಿಡಿಸತೊಡಗುತ್ತಾರೆ. ವಿನ್ಯಾಸ ಶುರುವಾಗಬೇಕಾದದ್ದು ಮಾತ್ರ ಅದರ ಇನ್ನೊಂದು ತುದಿಯಿಂದ, ಅಂದರೆ ಟೈರಿನಿಂದ. ಟೈರಿನಿಂದ ಗಾಲಿಗೆ, ಗಾಲಿಯಿಂದ ಅದನ್ನು ಹಿಡಿದಿಡುವ ಅಪ್‌ರೈಟಿಗೆ, ಅಲ್ಲಿಂದ ವಿಶ್‌ಬೋನಿಗೆ, ಕೊನೆಗೆ ಚಾಸಿಗೆ. ಈ ದಾರಿಯನ್ನು ತಿರುಗುಮುರುಗು ಮಾಡಿದ ತಂಡಗಳು ಅರ್ಧ ವರ್ಷ ಕಳೆದ ಮೇಲೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತವೆ.

ಟೈರಿಗೂ ಮೊದಲು ಒಂದು ಕೆಲಸವಿದೆ: ಕಾರು ಎಲ್ಲಿ, ಯಾವ ನಿಯಮದಡಿ ಓಡಬೇಕು ಎಂಬುದನ್ನು ತಿಳಿಯುವುದು. ಅಮೆರಿಕದ ಟೆಕ್ಸಸ್‌ನಲ್ಲಿ 1981ರಲ್ಲಿ ಫಾರ್ಮುಲಾ ಎಸ್‌ಎಇ ಎಂಬ ಹೆಸರಿನಲ್ಲಿ ಆರಂಭವಾದ, ವಿದ್ಯಾರ್ಥಿಗಳೇ ಕಾರು ಕಟ್ಟಿ ಓಡಿಸುವ ಈ ಸ್ಪರ್ಧೆ 1998ರಲ್ಲಿ ಬ್ರಿಟನ್ನಿಗೆ ಹೋಗಿ ಫಾರ್ಮುಲಾ ಸ್ಟೂಡೆಂಟ್ ಎನಿಸಿಕೊಂಡಿತು. ಭಾರತದ ತಂಡಗಳಿಗೆ ಇದರ ದೊಡ್ಡ ಅಂಗಳ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳು ಎರಡು ದಶಕಗಳಿಂದ ಇದೇ ಬಗೆಯ ಕಾರು ಕಟ್ಟುತ್ತ ಬಂದಿವೆ. ಹೆಸರು ರೇಸ್ ಎಂದಿದ್ದರೂ ಇಲ್ಲಿ ಉದ್ದನೆಯ ನೇರ ರಸ್ತೆಯ ಓಟ ಇರುವುದಿಲ್ಲ. ಆಟೊಕ್ರಾಸ್ ಎಂಬ ಓಟದ ನೇರ ಭಾಗ 80 ಮೀಟರ್ ಮೀರುವಂತಿಲ್ಲ. ಹೇರ್‌ಪಿನ್ ತಿರುವಿನ ಹೊರ ವ್ಯಾಸ 9 ಮೀಟರಿನಷ್ಟು ಕಿರಿದಾಗಬಹುದು. ಹಾವಿನಂತೆ ನುಸುಳಬೇಕಾದ ಕೋನ್‌ಗಳ ನಡುವೆ 7.5ರಿಂದ 12 ಮೀಟರ್ ಅಂತರ. ಸ್ಕಿಡ್‌ಪ್ಯಾಡ್ ಎಂಬ ಎಂಟರ ಆಕಾರದ ಪರೀಕ್ಷೆಯಲ್ಲಿ ಒಳ ವೃತ್ತದ ವ್ಯಾಸ 15.25 ಮೀಟರ್, ಓಡುವ ಹಾದಿಯ ಅಗಲ 3 ಮೀಟರ್. ಸುಮಾರು 9 ಮೀಟರ್ ತ್ರಿಜ್ಯದಲ್ಲಿ ಒಂದು ಸುತ್ತನ್ನು 5 ಸೆಕೆಂಡಿನಲ್ಲಿ ಮುಗಿಸುವ ಕಾರು ಗಂಟೆಗೆ 41 ಕಿಲೋಮೀಟರ್ ವೇಗದಲ್ಲಷ್ಟೇ ಇರುತ್ತದೆ. ಆದರೂ ಅದರ ಅಡ್ಡ ವೇಗೋತ್ಕರ್ಷ 1.45 ಜಿ ಮುಟ್ಟುತ್ತದೆ. ಬೇಕಾಗಿರುವುದು ಕಡಿಮೆ ವೇಗದಲ್ಲಿ ಚುರುಕಾಗಿ ತಿರುಗುವ, ಬಲಕ್ಕೂ ಎಡಕ್ಕೂ ಕ್ಷಣದಲ್ಲಿ ಹೊರಳುವ ಕಾರು ಎಂಬುದು ಈ ಅಂಕಿಗಳಿಂದಲೇ ಹೊರಡುತ್ತದೆ.

ನಿಯಮಾವಳಿ ಇನ್ನೂ ಕೆಲವು ಗೆರೆಗಳನ್ನು ಎಳೆದಿಟ್ಟಿದೆ. ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ, ಕನಿಷ್ಠ 1525 ಮಿಲಿಮೀಟರ್. ಎಡ ಬಲ ಗಾಲಿಗಳ ನಡುವಿನ ಅಗಲಕ್ಕೆ ಟ್ರ್ಯಾಕ್ ಎನ್ನುತ್ತಾರೆ; ಮುಂದಿನ, ಹಿಂದಿನ ಟ್ರ್ಯಾಕ್‌ಗಳಲ್ಲಿ ಕಿರಿದಾದದ್ದು ಅಗಲವಾದದ್ದರ ಶೇ. 75ಕ್ಕಿಂತ ಕಡಿಮೆ ಇರಕೂಡದು. ಗಾಲಿ ಮೇಲೆ ಕೆಳಗೆ ಒಟ್ಟು 50 ಮಿಲಿಮೀಟರ್ ಆಡಬೇಕು, ಚಾಲಕ ಕೂತ ಸ್ಥಿತಿಯಿಂದ ಮೇಲಕ್ಕೇ 25 ಮಿಲಿಮೀಟರ್ ಸಿಗಬೇಕು. ಕಾರನ್ನು 60 ಡಿಗ್ರಿ ಓರೆ ಮಾಡಿದರೂ ಮಗುಚಬಾರದು. ಸ್ಟೀರಿಂಗ್ ಚಕ್ರದಲ್ಲಿ ಸಡಿಲು 7 ಡಿಗ್ರಿ ದಾಟಬಾರದು. ಆಯಾ ವರ್ಷದ ನಿಯಮ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದದೆ ಒಂದು ಗೆರೆಯನ್ನೂ ಎಳೆಯಬಾರದು. ಅಂಕಿಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು.

ಇನ್ನು ಟೈರು. ಇಲ್ಲಿ ಸಾವಧಾನವಾಗಿ ನಿಲ್ಲಬೇಕು, ಏಕೆಂದರೆ ಉಳಿದೆಲ್ಲ ಲೆಕ್ಕಗಳೂ ಇದರ ಮೇಲೆ ನಿಂತಿವೆ. ಟೈರು ಅಡ್ಡಬಲ ಕೊಡುವುದು ಅದು ಮುಖಮಾಡಿದ ದಿಕ್ಕಿಗೂ ಸಾಗುವ ದಿಕ್ಕಿಗೂ ಸ್ವಲ್ಪ ಕೋನ ಬಿದ್ದಾಗ. ಇದಕ್ಕೆ ಸ್ಲಿಪ್ ಆ್ಯಂಗಲ್ ಎನ್ನುತ್ತಾರೆ. ಕೋನ ಹೆಚ್ಚಿದಂತೆ ಬಲ ಏರುತ್ತದೆ, ಕೆಲವು ಡಿಗ್ರಿಗಳಲ್ಲಿ ತುತ್ತತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಎರಡನೆಯ ಗುಣವನ್ನು ಹೊಸಬರು ಹೆಚ್ಚಾಗಿ ಮರೆಯುತ್ತಾರೆ: ಟೈರಿನ ಮೇಲಿನ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಭಾರ ಏರಿದಂತೆ ಪ್ರತಿ ಕಿಲೋಗ್ರಾಮಿಗೆ ಸಿಗುವ ಹಿಡಿತ ಕುಗ್ಗುತ್ತದೆ. ಸಸ್ಪೆನ್ಷನ್ ಶಾಸ್ತ್ರದ ಅರ್ಧ ಪಾಲು ಈ ಒಂದು ಗುಣದಿಂದ ಹುಟ್ಟಿದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಚಾಲಕನೂ ಸೇರಿ 280 ಕಿಲೋಗ್ರಾಂ ತೂಗುವ ಕಾರು, ಗುರುತ್ವ ಕೇಂದ್ರದ ಎತ್ತರ 300 ಮಿಲಿಮೀಟರ್, ಟ್ರ್ಯಾಕ್ 1200 ಮಿಲಿಮೀಟರ್ ಎಂದಿಟ್ಟುಕೊಳ್ಳಬಹುದು. 1.5 ಜಿ ತಿರುವಿನಲ್ಲಿ ಒಳಗಿನ ಗಾಲಿಗಳಿಂದ ಹೊರಗಿನ ಗಾಲಿಗಳಿಗೆ ವರ್ಗವಾಗುವ ಭಾರ 280ನ್ನು 1.5ರಿಂದಲೂ ಎತ್ತರ ಮತ್ತು ಟ್ರ್ಯಾಕ್‌ಗಳ ಅನುಪಾತವಾದ 0.25ರಿಂದಲೂ ಗುಣಿಸಿದಷ್ಟು, ಅಂದರೆ 105 ಕಿಲೋಗ್ರಾಂ. ನಿಂತಾಗ ಎರಡೂ ಬದಿ 140 ಇದ್ದದ್ದು ತಿರುವಿನಲ್ಲಿ ಹೊರಗೆ 245, ಒಳಗೆ 35 ಆಗುತ್ತದೆ. ಹೊರಗಿನ ಜೋಡಿ ಗಳಿಸಿದ್ದು ಒಳಗಿನ ಜೋಡಿ ಕಳೆದುಕೊಂಡದ್ದಕ್ಕಿಂತ ಕಡಿಮೆ, ಹಾಗಾಗಿ ಒಟ್ಟು ಹಿಡಿತದಲ್ಲಿ ನಷ್ಟವೇ. ಈ 105ನ್ನು ಸ್ಪ್ರಿಂಗು ಬಿಗಿ ಮಾಡಿಯೋ ಸಡಿಲ ಮಾಡಿಯೋ ಕಡಿಮೆ ಮಾಡಲಾಗದು. ಅದನ್ನು ನಿರ್ಧರಿಸುವುದು ತೂಕ, ಎತ್ತರ, ಟ್ರ್ಯಾಕ್ ಈ ಮೂರೇ. ಎಂಜಿನ್ನನ್ನೋ ಬ್ಯಾಟರಿಯನ್ನೋ 20 ಮಿಲಿಮೀಟರ್ ಕೆಳಗಿಳಿಸಿ ಕೂರಿಸಿದವರು ಸಸ್ಪೆನ್ಷನ್ ವಿಭಾಗಕ್ಕೆ ಮಾಡುವ ಉಪಕಾರ ಯಾವ ದುಬಾರಿ ಡ್ಯಾಂಪರಿನಿಂದಲೂ ಸಿಗದು. ಸ್ಪ್ರಿಂಗು, ಕಾರಿನ ಮೈ ವಾಲುವುದನ್ನು ತಡೆಯುವ ಆಂಟಿರೋಲ್ ಬಾರ್‌ಗಳಿಂದ ಆಗುವುದು ಬೇರೆ ಕೆಲಸ: ಆ 105ರಲ್ಲಿ ಎಷ್ಟು ಪಾಲು ಮುಂದಿನ ಗಾಲಿಗಳ ನಡುವೆ, ಎಷ್ಟು ಹಿಂದಿನವುಗಳ ನಡುವೆ ಸಾಗಬೇಕು ಎಂಬ ಹಂಚಿಕೆ. ಮುಂದಿನ ಪಾಲು ಹೆಚ್ಚಿದರೆ ಮುಂದಿನ ಹಿಡಿತ ಮೊದಲು ಸೋಲುತ್ತದೆ, ಕಾರು ತಿರುವಿನಿಂದ ಹೊರಕ್ಕೆ ಜಾರುತ್ತದೆ. ಹಿಂದಿನ ಪಾಲು ಹೆಚ್ಚಿದರೆ ಬಾಲ ಹೊರಳುತ್ತದೆ.

ಟೈರಿನ ಗುಣವನ್ನು ಊಹೆಯಿಂದ ಹೇಳಬೇಕಾಗಿಲ್ಲ. ಅಮೆರಿಕದ ಬಫಲೊ ಬಳಿಯ ಕ್ಯಾಲ್‌ಸ್ಪ್ಯಾನ್ ಪರೀಕ್ಷಾಲಯದಲ್ಲಿ ವಿದ್ಯಾರ್ಥಿ ಕಾರುಗಳ ಟೈರುಗಳನ್ನೇ ಯಂತ್ರಕ್ಕೆ ಹಾಕಿ ಅಳೆದ ದತ್ತಾಂಶವನ್ನು ಟೈರ್ ಟೆಸ್ಟ್ ಕನ್ಸಾರ್ಟಿಯಂ ತನ್ನ ಸದಸ್ಯ ಕಾಲೇಜುಗಳಿಗೆ ಕೊಡುತ್ತದೆ. ಸದಸ್ಯತ್ವದ ಶುಲ್ಕ ಒಂದು ಸಲ ಕಟ್ಟಿದರೆ ಸಾಕು. ತಂಡದ ಹಣ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ವಿನಿಯೋಗವಾಗದು. ಆದರೆ ಪರೀಕ್ಷಾ ಯಂತ್ರದ ಒರಟು ಪಟ್ಟಿಯ ಮೇಲೆ ಸಿಗುವ ಹಿಡಿತ ಡಾಂಬರಿನ ಮೇಲೆ ಸಿಗುವುದಿಲ್ಲ. ಆ ಅಂಕಿಗಳನ್ನು ಸುಮಾರು ಮೂರನೇ ಒಂದು ಪಾಲು ತಗ್ಗಿಸಿಯೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ರೂಢಿ. ದತ್ತಾಂಶದಿಂದ ತಿಳಿಯಬೇಕಾದದ್ದು ಮುಖ್ಯವಾಗಿ ಇಷ್ಟು: ಯಾವ ಭಾರದಲ್ಲಿ, ಎಷ್ಟು ಕ್ಯಾಂಬರಿನಲ್ಲಿ (ಮುಂದಿನಿಂದ ನೋಡಿದಾಗ ಗಾಲಿಯ ಓಲು), ಎಷ್ಟು ಗಾಳಿಯ ಒತ್ತಡದಲ್ಲಿ ಈ ಟೈರು ಅತಿ ಹೆಚ್ಚು ಅಡ್ಡಬಲ ಕೊಡುತ್ತದೆ? ಹಗುರ ಕಾರಿಗೆ ಅಗಲವಾದ ಟೈರು ಹಾಕಿದರೆ ಅದು ಬಿಸಿಯೇ ಏರದೆ ಉಳಿಯುವ ಸಂಭವವೂ ಇದೆ.

ಟೈರಿನೊಂದಿಗೆ ಗಾಲಿಯ ಅಳತೆಯೂ ತೀರ್ಮಾನವಾಗುತ್ತದೆ. ಇಂದು ಹೆಚ್ಚಿನ ತಂಡಗಳು 10 ಇಂಚಿನದನ್ನೋ 13 ಇಂಚಿನದನ್ನೋ ಬಳಸುತ್ತವೆ. 10 ಇಂಚಿನದು ಹಗುರ, ಆದರೆ ಅದರೊಳಗೆ ಬ್ರೇಕ್ ಡಿಸ್ಕು, ಕ್ಯಾಲಿಪರು, ಹಬ್ಬು, ಬೇರಿಂಗು, ಅಪ್‌ರೈಟು ಎಲ್ಲವೂ ತೂರಬೇಕು. ಬ್ರೇಕಿನವರಿಗೆ ದೊಡ್ಡ ಡಿಸ್ಕು ಬೇಕು, ಸಸ್ಪೆನ್ಷನಿನವರಿಗೆ ಮೇಲಿನ ಮತ್ತು ಕೆಳಗಿನ ಬಾಲ್‌ಜಾಯಿಂಟುಗಳು ದೂರ ದೂರ ಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಈ ಜಗಳವನ್ನು ಮೊದಲ ತಿಂಗಳಲ್ಲೇ ಒಂದೇ ಮೇಜಿನ ಸುತ್ತ ಕೂತು ಮುಗಿಸುವುದು ಒಳ್ಳೆಯದು.

ಬಾಲ್‌ಜಾಯಿಂಟುಗಳ ಅಂತರ ಏಕೆ ಅಷ್ಟು ಮುಖ್ಯ ಎಂಬುದಕ್ಕೂ ಲೆಕ್ಕವಿದೆ. ಕೆಳಗಿನದು ನೆಲದಿಂದ 130 ಮಿಲಿಮೀಟರ್, ಮೇಲಿನದು 330 ಎಂದಾದರೆ ನಡುವಿನ ಅಂತರ 200. ನೆಲಮಟ್ಟದಲ್ಲಿ ಟೈರಿಗೆ ಬೀಳುವ ಅಡ್ಡಬಲದ 1.65 ಪಟ್ಟನ್ನು ಕೆಳಗಿನ ವಿಶ್‌ಬೋನ್ ಹೊರಬೇಕಾಗುತ್ತದೆ, ಮೇಲಿನದು ವಿರುದ್ಧ ದಿಕ್ಕಿನಲ್ಲಿ 0.65 ಪಟ್ಟನ್ನು. ಹೊರಗಿನ ಒಂದು ಗಾಲಿಯ ಮೇಲೆ 120 ಕಿಲೋಗ್ರಾಂ ಭಾರವಿದ್ದು 1.5 ಜಿ ತಿರುವಾದರೆ ಅಡ್ಡಬಲ ಸುಮಾರು 1770 ನ್ಯೂಟನ್, ಕೆಳಗಿನ ತೋಳಿಗೆ 2900ಕ್ಕೂ ಹೆಚ್ಚು. ಅಂತರ ಕುಗ್ಗಿದಂತೆ ಈ ಪಟ್ಟು ಏರುತ್ತ ಹೋಗುತ್ತದೆ. ಅದರ ಜೊತೆಗೆ ಬ್ರೇಕಿನ ಬಲ, ಗುಂಡಿಗೆ ಬಿದ್ದಾಗಿನ ಹೊಡೆತ ಸೇರುತ್ತವೆ.

ಈಗ ಗಾಲಿಯ ಚಲನೆಯ ರೇಖಾಗಣಿತಕ್ಕೆ ಬರಬಹುದು. ಇಂಥ ಕಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಳಸುವುದು ಮೇಲೊಂದು ಕೆಳಗೊಂದು ಅಸಮ ಉದ್ದದ ವಿಶ್‌ಬೋನ್‌ಗಳನ್ನು, ಮೇಲಿನದು ಚಿಕ್ಕದು. ಮುಂಭಾಗದಿಂದ ನೋಡಿದಾಗ ಎರಡೂ ತೋಳುಗಳ ಗೆರೆಗಳನ್ನು ಮುಂದುವರಿಸಿದರೆ ಅವು ಕೂಡುವ ಬಿಂದು ಆ ಕ್ಷಣಕ್ಕೆ ಗಾಲಿ ಸುತ್ತುವ ಕೇಂದ್ರ, ಅಂದರೆ ಕ್ಷಣಕೇಂದ್ರ. ಟೈರು ನೆಲ ಮುಟ್ಟುವ ಜಾಗದಿಂದ ಆ ಬಿಂದುವಿಗೆ ಎಳೆದ ಗೆರೆ ಕಾರಿನ ನಡುಗೆರೆಯನ್ನು ಕತ್ತರಿಸುವಲ್ಲಿ ರೋಲ್ ಸೆಂಟರ್, ಅಂದರೆ ಮೈ ವಾಲುವಾಗ ಸುತ್ತುವ ಬಿಂದು, ಇರುತ್ತದೆ. ರೋಲ್ ಸೆಂಟರನ್ನು ನೆಲಮಟ್ಟಕ್ಕೂ 50 ಮಿಲಿಮೀಟರ್ ಎತ್ತರಕ್ಕೂ ನಡುವೆ ಇಟ್ಟುಕೊಂಡು, ಗಾಲಿ ಆಡಿದಾಗ ಅದು ಅತ್ತಿತ್ತ ಹಾರದಂತೆ ನೋಡಿಕೊಂಡರೆ ಮೊದಲ ವರ್ಷದ ಕಾರಿಗೆ ಸಾಕು. ಅದರ ನಿಖರ ಸ್ಥಾನಕ್ಕಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ತಲೆ ಕೆಡಿಸಿಕೊಳ್ಳಲೇಬೇಕಾದದ್ದು ಕ್ಯಾಂಬರಿನ ಬಗ್ಗೆ. ಆ ಕ್ಷಣಕೇಂದ್ರ ಟೈರಿನಿಂದ 1500 ಮಿಲಿಮೀಟರ್ ದೂರದಲ್ಲಿದೆ ಎನ್ನೋಣ. ಗಾಲಿ 25 ಮಿಲಿಮೀಟರ್ ಮೇಲೇರಿದರೆ ಅದರ ಓಲು ಸುಮಾರು 1 ಡಿಗ್ರಿ ಬದಲಾಗುತ್ತದೆ. ಇನ್ನು ತಿರುವಿನಲ್ಲಿ ಮೈ 1.5 ಡಿಗ್ರಿ ವಾಲಿದಾಗ ಹೊರಗಿನ ಟೈರು ನೆಲಕ್ಕೆ ಹೋಲಿಸಿದರೆ 0.9 ಡಿಗ್ರಿ ಹೊರಕ್ಕೆ ಓಲುತ್ತದೆ, ಉಳಿದ 0.6ನ್ನು ತೋಳುಗಳ ಜೋಡಣೆ ವಾಪಸು ತಂದುಕೊಡುತ್ತದೆ. ಕೇಂದ್ರವನ್ನು ಹತ್ತಿರ ತಂದರೆ ತಿರುವಿನಲ್ಲಿ ಟೈರು ಇನ್ನೂ ನೆಟ್ಟಗೆ ನಿಲ್ಲುತ್ತದೆ, ಆದರೆ ಬ್ರೇಕು ಹಾಕಿ ಮೂತಿ ತಗ್ಗಿದಾಗ ಎರಡೂ ಮುಂಗಾಲಿಗಳು ಒಳಕ್ಕೆ ವಾಲಿಬಿಡುತ್ತವೆ. ದೂರ ತಳ್ಳಿದರೆ ಬ್ರೇಕಿಗೆ ಒಳ್ಳೆಯದು, ತಿರುವಿಗೆ ಕೆಟ್ಟದು. ಎರಡನ್ನೂ ಪೂರ್ತಿ ಗೆಲ್ಲುವ ಜೋಡಣೆ ಇಲ್ಲ. ಈ ಕಾರುಗಳ ಮೈ ವಾಲುವುದೇ ಕಡಿಮೆಯಾದ್ದರಿಂದ, ನಿಂತಾಗಲೇ ಒಂದೂವರೆ ಡಿಗ್ರಿಯಷ್ಟು ಋಣ ಕ್ಯಾಂಬರ್ (ಗಾಲಿಯ ಮೇಲ್ತುದಿ ಒಳಕ್ಕೆ) ಕೊಟ್ಟು ಮಿಕ್ಕದ್ದನ್ನು ಮಧ್ಯಮ ಜೋಡಣೆಗೆ ಬಿಡುವುದು ಬುದ್ಧಿವಂತಿಕೆ. ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕ್ಯಾಸ್ಟರ್ ಕೋನವೂ ಇಲ್ಲಿ ನೆರವಿಗೆ ಬರುತ್ತದೆ: ಸ್ಟೀರಿಂಗ್ ತಿರುಗಿಸಿದಂತೆ ಅದು ಹೊರಗಿನ ಗಾಲಿಯನ್ನು ಒಳಕ್ಕೆ ಓಲಿಸುತ್ತದೆ. ಮುಂದಿನಿಂದ ನೋಡಿದಾಗ ಅದೇ ಅಕ್ಷ ಒಳಕ್ಕೆ ವಾಲಿರುವ ಕಿಂಗ್‌ಪಿನ್ ಓರೆ ಇದಕ್ಕೆ ವಿರುದ್ಧ ಮಾಡುತ್ತದೆ, ಆದ್ದರಿಂದ ಅದನ್ನು ಆದಷ್ಟು ಕಡಿಮೆ ಇಡಬೇಕು. 9 ಮೀಟರಿನ ಹೇರ್‌ಪಿನ್ನಿಗೆ ಒಳಗಿನ ಗಾಲಿ 25 ಡಿಗ್ರಿಗಿಂತ ಹೆಚ್ಚು ತಿರುಗಬೇಕಾಗುತ್ತದೆ. ಹಾಗೆ ಪೂರ್ತಿ ತಿರುಗಿಸಿದಾಗ ರಿಮ್ಮು ವಿಶ್‌ಬೋನಿಗೆ ತಾಗುವುದು ಎಷ್ಟೋ ತಂಡಗಳಿಗೆ ಗೊತ್ತಾಗುವುದು ಕಾರು ಜೋಡಿಸಿದ ಮೇಲೆ.

ಬಂಪ್ ಸ್ಟೀರ್ ಇನ್ನೊಂದು ಗುಪ್ತ ಶತ್ರು. ಗಾಲಿ ಮೇಲೆ ಕೆಳಗೆ ಆಡಿದಾಗ ಚಾಲಕ ಕೈ ಅಲುಗಿಸದಿದ್ದರೂ ಅದು ತಾನೇ ಎಡಬಲಕ್ಕೆ ತಿರುಗಿದರೆ ಕಾರಿನ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಗಾಲಿಯನ್ನು ಸ್ಟೀರಿಂಗ್ ರ್ಯಾಕಿಗೆ ಜೋಡಿಸುವ ಟೈರಾಡ್ ಕೂಡ ಆ ಕ್ಷಣಕೇಂದ್ರದ ಕಡೆಗೇ ಮುಖ ಮಾಡಿರಬೇಕು, ಅದರ ಉದ್ದವೂ ತಕ್ಕಂತಿರಬೇಕು. ಸ್ಟೀರಿಂಗ್ ರ್ಯಾಕ್ ಎಲ್ಲಿ ಕೂರಬೇಕು ಎಂಬುದನ್ನು ಇದು ತೀರ್ಮಾನಿಸುವುದರಿಂದ ಚಾಸಿಯವರು ಪೈಪುಗಳನ್ನು ಹಾಕುವ ಮೊದಲೇ ರ್ಯಾಕಿನ ಜಾಗವನ್ನು ಕಾಯ್ದಿರಿಸಬೇಕು.

ಸ್ಪ್ರಿಂಗಿನ ಸರದಿ ಇಷ್ಟು ತಡವಾಗಿ ಬರುವುದು ಹಲವರಿಗೆ ಅಚ್ಚರಿ. ಸ್ಪ್ರಿಂಗು ಗಾಲಿಗೆ ನೇರವಾಗಿ ಕೂತಿರುವುದಿಲ್ಲ. ಪುಶ್‌ರಾಡು, ರಾಕರುಗಳ ಮೂಲಕ ಬಲ ಸಾಗುತ್ತದೆ. ಗಾಲಿ 1 ಮಿಲಿಮೀಟರ್ ಆಡಿದಾಗ ಸ್ಪ್ರಿಂಗು ಎಷ್ಟು ಆಡುತ್ತದೆ ಎಂಬ ಪ್ರಮಾಣಕ್ಕೆ ಮೋಷನ್ ರೇಶಿಯೊ ಎನ್ನುತ್ತಾರೆ. ಗಾಲಿಯ ಬಳಿ ಸಿಗುವ ಬಿಗಿತ ಎಂದರೆ ಸ್ಪ್ರಿಂಗಿನ ಬಿಗಿತವನ್ನು ಈ ಪ್ರಮಾಣದ ವರ್ಗದಿಂದ ಗುಣಿಸಿದ್ದು. ವರ್ಗ ಎಂಬ ಪದವನ್ನು ಕೆಂಪು ಮಸಿಯಲ್ಲಿ ಬರೆದುಕೊಳ್ಳಬೇಕು. ಮಿಲಿಮೀಟರಿಗೆ 35 ನ್ಯೂಟನ್, ಅಂದರೆ ಅಂಗಡಿಯವರ ಭಾಷೆಯಲ್ಲಿ ಇಂಚಿಗೆ 200 ಪೌಂಡಿನ ಸ್ಪ್ರಿಂಗನ್ನು 0.8 ಪ್ರಮಾಣದಲ್ಲಿ ಕೂರಿಸಿದರೆ ಗಾಲಿಗೆ ಸಿಗುವುದು ಮಿಲಿಮೀಟರಿಗೆ 22.4 ನ್ಯೂಟನ್. ಒಂದು ಮೂಲೆಯಲ್ಲಿ ಸ್ಪ್ರಿಂಗಿನ ಮೇಲೆ ಕೂತ ತೂಕ 55 ಕಿಲೋಗ್ರಾಂ ಆದರೆ ಆ ಮೂಲೆ ಸೆಕೆಂಡಿಗೆ 3.2 ಸಲ ಕುಣಿಯುತ್ತದೆ. ರೆಕ್ಕೆಗಳಿಲ್ಲದ ವಿದ್ಯಾರ್ಥಿ ಕಾರಿಗೆ ಎರಡೂವರೆಯಿಂದ ಮೂರೂವರೆ ಹರ್ಟ್ಜ್ ಒಳ್ಳೆಯ ಆರಂಭ. ಇದೇ ಲೆಕ್ಕದಿಂದ, ಚಾಲಕನೂ ಸೇರಿದ ಪೂರ್ತಿ ತೂಕಕ್ಕೆ ಕಾರು 24 ಮಿಲಿಮೀಟರ್ ತಗ್ಗುತ್ತದೆ. ಆ 24 ಗಾಲಿಗೆ ಕೆಳಮುಖವಾಗಿ ಸಿಗುವ ಆಟ, ಮೇಲಕ್ಕೆ 26 ಇಟ್ಟುಕೊಂಡರೆ ನಿಯಮದ 50 ತುಂಬುತ್ತದೆ. ಇದಕ್ಕಿಂತ ತೀರ ಬಿಗಿಯಾದ ಸ್ಪ್ರಿಂಗು ಆರಿಸಿದವರಿಗೆ ಕೆಳಮುಖದ ಆಟ ಎಲ್ಲಿಂದ ತರುವುದು ಎಂಬ ಚಿಂತೆ ತಪ್ಪದು.

ಇದೇ ಸ್ಪ್ರಿಂಗುಗಳು ನಾಲ್ಕೂ ಮೂಲೆಯಲ್ಲಿದ್ದು ರೋಲ್ ಸೆಂಟರ್ 30 ಮಿಲಿಮೀಟರಿನಲ್ಲಿದ್ದರೆ ಕಾರು ಪ್ರತಿ ಜಿ ಗೆ 1 ಡಿಗ್ರಿಗಿಂತ ತುಸು ಹೆಚ್ಚು ವಾಲುತ್ತದೆ. ಮೇಲಿನ ಕ್ಯಾಂಬರ್ ಲೆಕ್ಕದ 1.5 ಡಿಗ್ರಿ ಬಂದದ್ದು ಇಲ್ಲಿಂದಲೇ. ಆಂಟಿರೋಲ್ ಬಾರ್ ಇಲ್ಲದೆಯೂ ಕಾರು ನಡೆಯುತ್ತದೆ. ಆದರೂ ಒಂದು ತುದಿಯಲ್ಲಾದರೂ ಹೊಂದಿಸಬಲ್ಲ ಬಾರ್ ಇದ್ದರೆ ಮುಂದು ಹಿಂದಿನ ಸಮತೋಲವನ್ನು ಎರಡು ನಿಮಿಷದಲ್ಲಿ ಬದಲಿಸಬಹುದು. ಸ್ಪ್ರಿಂಗಿನ ಕುಣಿತವನ್ನು ತಣಿಸುವ ಡ್ಯಾಂಪರಿಗೆ ಕ್ರಿಟಿಕಲ್ ಡ್ಯಾಂಪಿಂಗಿನ ಶೇ. 65ರ ಆಸುಪಾಸು ಗುರಿಯಿಟ್ಟುಕೊಂಡು ಶುರುಮಾಡಬಹುದು. ಓಲಿನ್ಸ್‌ನಂಥ ದುಬಾರಿ ಡ್ಯಾಂಪರು ಎಲ್ಲರ ಕೈಗೂ ಎಟುಕದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ತಂಡಗಳು ಪರ್ವತ ಸೈಕಲ್ಲಿನ ಡ್ಯಾಂಪರುಗಳಿಂದಲೇ ಒಳ್ಳೆಯ ಕಾರು ಕಟ್ಟಿವೆ. ಆದರೆ ಯಾವುದೇ ಡ್ಯಾಂಪರನ್ನಾಗಲಿ ಪರೀಕ್ಷಾ ಯಂತ್ರಕ್ಕೆ ಹಾಕಿ ಬಲ ಮತ್ತು ವೇಗದ ನಕ್ಷೆ ಪಡೆಯದೆ ಬಳಸಬಾರದು. ನಾಲ್ಕು ಡ್ಯಾಂಪರುಗಳು ಒಂದೇ ಪೆಟ್ಟಿಗೆಯಿಂದ ಬಂದಿದ್ದರೂ ನಾಲ್ಕು ಬಗೆಯಾಗಿ ವರ್ತಿಸಬಹುದು.

ಬಿಡಿಭಾಗಗಳ ವಿನ್ಯಾಸದಲ್ಲಿ ಒಂದೇ ನಿಯಮ ಬಹುಪಾಲು ತಪ್ಪುಗಳನ್ನು ತಡೆಯುತ್ತದೆ: ಕೊಳವೆಗಳು ಎಳೆತವನ್ನೂ ಒತ್ತನ್ನೂ ಮಾತ್ರ ಹೊರಬೇಕು, ಬಾಗಬಾರದು. ಪುಶ್‌ರಾಡ್ ವಿಶ್‌ಬೋನಿನ ನಡುವಿಗೆ ಬಂದು ಕೂತರೆ ಕೊಳವೆ ಬಾಗುತ್ತದೆ. ಅದು ಬಾಲ್‌ಜಾಯಿಂಟಿನ ಪಕ್ಕದಲ್ಲೇ ಸೇರಬೇಕು. ಹಾಗೆಯೇ ರಾಡ್‌ಎಂಡ್‌ನ ದಾರದ ಭಾಗಕ್ಕೆ ಬಾಗುವ ಬಲ ಬೀಳಬಾರದು. ವಿನ್ಯಾಸ ಪರೀಕ್ಷೆಗೆ ಬರುವ ತೀರ್ಪುಗಾರರ ಕಣ್ಣು ಮೊದಲು ಹೋಗುವ ಜಾಗಗಳಲ್ಲಿ ಇದೂ ಒಂದು. ಬೋಲ್ಟುಗಳು ಎರಡೂ ಬದಿಯಲ್ಲಿ ಆಧಾರ ಪಡೆದಿರಬೇಕು, ನಟ್ಟಿನಾಚೆ ಕನಿಷ್ಠ ಎರಡು ಸುತ್ತು ದಾರ ಕಾಣಬೇಕು.

ಬಲದಷ್ಟೇ ಮುಖ್ಯವಾದದ್ದು ಬಿಗಿತ. ಮೇಲಿನ ಜಾಯಿಂಟಿನಲ್ಲಿ ಅರ್ಧ ಮಿಲಿಮೀಟರ್ ಸಡಿಲಿದ್ದರೆ, 200 ಮಿಲಿಮೀಟರ್ ಅಂತರದ ಅಪ್‌ರೈಟಿನಲ್ಲಿ ಕ್ಯಾಂಬರ್ 0.14 ಡಿಗ್ರಿ ಕೆಡುತ್ತದೆ, ಪರವಾಗಿಲ್ಲ. ಅಷ್ಟೇ ಸಡಿಲು ಟೈರಾಡಿನಲ್ಲಿದ್ದು ಸ್ಟೀರಿಂಗ್ ತೋಳು 70 ಮಿಲಿಮೀಟರ್ ಇದ್ದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ಮುಖಮಾಡಿದ ಕೋನ, 0.4 ಡಿಗ್ರಿ ಕೆಡುತ್ತದೆ. ಟೋ ಎಂದರೆ ನೇರವಾಗಿ ಸ್ಲಿಪ್ ಆ್ಯಂಗಲ್. ಕಂಪ್ಯೂಟರಿನಲ್ಲಿ ನೂರರ ಒಂದು ಭಾಗ ಡಿಗ್ರಿಗೆ ಹೊಂದಿಸಿದ ರೇಖಾಗಣಿತ ಒಂದು ಅಗ್ಗದ ಬೇರಿಂಗಿನಿಂದಲೋ ಪೈಪಿನ ನಡುವೆ ವೆಲ್ಡ್ ಮಾಡಿದ ಬ್ರ್ಯಾಕೆಟಿನಿಂದಲೋ ಮಣ್ಣುಪಾಲಾಗುತ್ತದೆ. ವಿಶ್‌ಬೋನಿನ ಬಲ ಚಾಸಿಗೆ ಸೇರುವುದು ಪೈಪುಗಳು ಕೂಡುವ ಗಂಟಿನಲ್ಲೇ ಆಗಬೇಕು. ವೆಲ್ಡಿಂಗಿಗೆ ಗಟ್ಟಿ ಜಿಗ್ ಮಾಡಿಕೊಳ್ಳುವುದಕ್ಕೆ ಒಂದು ವಾರ ಹೋದರೂ ಅದು ವ್ಯರ್ಥವಲ್ಲ.

ಕಾರು ಗಾಲಿಯ ಮೇಲೆ ನಿಂತ ದಿನ ಅಳತೆಯ ಕೆಲಸ ಶುರು. ಸ್ಪ್ರಿಂಗು ತೆಗೆದು, ಗಾಲಿಯನ್ನು 5 ಮಿಲಿಮೀಟರಿನಂತೆ ಏರಿಸಿ ಇಳಿಸಿ, ಡಯಲ್ ಗೇಜಿನಿಂದ ಬಂಪ್ ಸ್ಟೀರ್ ಅಳೆಯಬೇಕು. ಮೋಷನ್ ರೇಶಿಯೊವನ್ನೂ ಲೆಕ್ಕದಿಂದ ನಂಬದೆ ಅಳೆದೇ ನೋಡಬೇಕು. ಕಾರಿನ ಎರಡೂ ಬದಿಗೆ ಸಮಾನಾಂತರವಾಗಿ ದಾರ ಕಟ್ಟಿ ಟೋ ಹೊಂದಿಸಬೇಕು. ಚಾಲಕನನ್ನು ಕೂರಿಸಿ ನಾಲ್ಕು ಗಾಲಿಯಡಿಯ ತಕ್ಕಡಿಗಳಲ್ಲಿ ಮೂಲೆ ಮೂಲೆಯ ತೂಕ ನೋಡಬೇಕು. ಎದುರುಬದುರು ಮೂಲೆಗಳ ಮೊತ್ತ ಸಮನಾಗದಿದ್ದರೆ ಕಾರು ಎಡಕ್ಕೊಂದು ಬಲಕ್ಕೊಂದು ರೀತಿ ತಿರುಗುತ್ತದೆ. ಟ್ರ್ಯಾಕಿನಿಂದ ಬಂದ ಕೂಡಲೇ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚುಗಳ ಬಿಸಿ ಅಳೆದರೆ ಕ್ಯಾಂಬರ್ ಮತ್ತು ಗಾಳಿಯ ಒತ್ತಡ ಸರಿಯಿವೆಯೇ ಎಂಬುದನ್ನು ರಬ್ಬರೇ ಹೇಳುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು.

ಸ್ಪರ್ಧೆಯ 1000 ಅಂಕಗಳಲ್ಲಿ ವಿನ್ಯಾಸಕ್ಕಿರುವುದು 150. ಅಲ್ಲಿ ಕೇಳುವ ಪ್ರಶ್ನೆ ಯಾವಾಗಲೂ ಒಂದೇ ಬಗೆಯದು: ಈ ಅಂಕಿ ಏಕೆ? ಕ್ಷಣಕೇಂದ್ರದ ದೂರ 1500ರ ಬದಲು 2000 ಏಕಲ್ಲ? ಇದಕ್ಕೆ ಉತ್ತರ ಟೈರಿನ ದತ್ತಾಂಶದಿಂದಲೂ ಟ್ರ್ಯಾಕಿನಲ್ಲಿ ಅಳೆದ ಅಂಕಿಯಿಂದಲೂ ಬರಬೇಕು. ಹಾಗೆ ಅಳೆಯಲು ಕಾರು ಸ್ಪರ್ಧೆಗೆ ಎರಡು ತಿಂಗಳ ಮೊದಲಾದರೂ ಓಡುತ್ತಿರಬೇಕು. 22 ಕಿಲೋಮೀಟರಿನ ಎಂಡ್ಯೂರೆನ್ಸ್ ಓಟ ಮುಗಿಸಲಾಗದೆ ಅರ್ಧಕ್ಕೆ ನಿಲ್ಲುವ ಕಾರುಗಳು ಪ್ರತಿ ವರ್ಷವೂ ಇರುತ್ತವೆ. ಮೊದಲ ಸಲ ಅಷ್ಟು ದೂರ ಓಡುವುದು ಸ್ಪರ್ಧೆಯ ದಿನವೇ ಆಗಿರುವ ಕಾರಿಗೆ ಆ ಅಪಾಯ ಹೆಚ್ಚು. ಆದ್ದರಿಂದ ಮೊದಲ ವರ್ಷದ ತಂಡಕ್ಕೆ ಹೊಂದುವುದು ಸರಳ ಜೋಡಣೆ, ಗಟ್ಟಿ ಜಾಯಿಂಟುಗಳು, ಷಿಮ್ಮು ಎಂಬ ತೆಳು ಲೋಹದ ಬಿಲ್ಲೆಗಳಿಂದ ಬೇಗ ಹೊಂದಿಸಬಲ್ಲ ಕ್ಯಾಂಬರ್ ಮತ್ತು ಟೋ. ಆಮೇಲೆ ಬರುವ ಬ್ಯಾಚಿಗಾಗಿ ಬಾಲ್‌ಜಾಯಿಂಟು ಬಿಂದುಗಳ ಪಟ್ಟಿ, ಸ್ಪ್ರಿಂಗಿನ ಲೆಕ್ಕ, ಡ್ಯಾಂಪರಿನ ನಕ್ಷೆ, ಪ್ರತಿ ಓಟದ ಟೈರಿನ ಬಿಸಿ ಮತ್ತು ಒತ್ತಡ, ಮುರಿದ ಭಾಗಗಳ ಫೋಟೊ ಇವೆಲ್ಲ ಒಂದೇ ಕಡೆ, ತಾರೀಖು ಸಹಿತ ಇರಬೇಕು.

ಇಂತಿ,
ಸಸ್ಪೆನ್ಷನ್ ವಿಭಾಗದ ಒಬ್ಬ ಹಿರಿಯ ವಿದ್ಯಾರ್ಥಿ